ಪತ್ರೊಡೆ ಗಾಡಿಗಾಗಿ ಸೈಕಲ್ಲಿನ ಅಚ್ಚು ಬಿಚ್ಚಿದ್ದು

ಒಬ್ಬ ಗೃಹಸ್ಥ ತನ್ನ ಸ್ವಂತ ಸೈಕಲ್ಲನ್ನು ತನ್ನ ಸ್ವಂತ ಬಾಲ್ಕನಿಯಲ್ಲಿ ಬಿಚ್ಚಿದರೆ ಅದು ಊರಿಗೆಲ್ಲ ಸುದ್ದಿಯಾಗಬೇಕೇ? ಸಾನಪಾಡಾದಲ್ಲಿ ಆಗುತ್ತದೆ! ಆದ್ದರಿಂದ ಬೇರೆಯವರ ಬಾಯಿಂದ ನೀವು ಕೇಳುವ ಮೊದಲೇ ನಾನು ಹೇಳಿಬಿಡುವುದು ಕ್ಷೇಮ.

ಆ ಭಾನುವಾರ ವಾಶಿಯಲ್ಲಿ ನಮ್ಮ ಊರಿನವರ ಸಂಘದ ಮಳೆಗಾಲದ ಕೂಟವಿತ್ತು. ನೂರು ಜನರಿಗೆ ಕೆಸುವಿನ ಎಲೆಗೆ ಹಿಟ್ಟು ಸವರಿ ಬೇಯಿಸುವ ಪತ್ರೊಡೆ ಮಾಡಿಕೊಡುವ ಹೊಣೆ ನನ್ನ ಹೆಂಡತಿ ಸುಜಾತಾಳದು. ಉಡುಪಿ ಬಿಟ್ಟು ಬಂದ ಮೇಲೆ ಮನೆಯ ಹೊರಗಿನವರು ಅವಳ ಕೈರುಚಿ ಬಯಸಿ ಕೇಳಿದ್ದು ಅದೇ ಮೊದಲು. ಅವಳಿಗೆ ಅದು ಮರ್ಯಾದೆಯ ಪ್ರಶ್ನೆ. ಪಾತ್ರೆಗಳನ್ನು ಸಾಗಿಸುವುದು ನನ್ನ ಮರ್ಯಾದೆಯ ಪ್ರಶ್ನೆ. ಏಕೆಂದರೆ ಹಿಂದಿನ ವಾರ ದೊಡ್ಡ ಪಾತ್ರೆ ಎರಡನ್ನು ಹಿಡಿದು ರಸ್ತೆಯಲ್ಲಿ ನಿಂತಾಗ ರಿಕ್ಷಾದವನೊಬ್ಬ, "ಯೇ ಟೆಂಪೋ ನಹೀ ಹೈ, ಅಂಕಲ್," ಎಂದು ಹೊರಟೇಹೋಗಿದ್ದ. ಟೆಂಪೋ ಅಲ್ಲ ಎಂದದ್ದನ್ನು ಕ್ಷಮಿಸಬಹುದು. ಅಂಕಲ್ ಎಂದನಲ್ಲ!

ಆ ಸಿಟ್ಟಿನಲ್ಲಿ ಮಹಾಪೆಯ ನಮ್ಮ ಆಫೀಸಿನ ಗೆಳೆಯನಿಂದ ಒಂದು ಟ್ರೈಲರ್ ತಂದೆ. ಸೈಕಲ್ಲಿನ ಹಿಂದೆ ಕಟ್ಟಿ ಎಳೆಯುವ ಎರಡು ಚಕ್ರದ ಪುಟ್ಟ ಗಾಡಿ ಅದು. ಅದರ ಕೊಂಡಿಯ ಪಟ್ಟಿ ಸೈಕಲ್ಲಿನ ಹಿಂದಿನ ಚಕ್ರದ ಅಚ್ಚಿಗೆ ಕೂರಬೇಕು. ಕೂರಿಸಿ ನೋಡಿದೆ. ಅಚ್ಚಿನ ತುದಿ ಗಿಡ್ಡ, ನಟ್ ಹಿಡಿಯಲಿಲ್ಲ. ಕಂಪ್ಯೂಟರಿನಲ್ಲಿ ಒಂದು ವಿಡಿಯೋ ಹುಡುಕಿದೆ. ಅದರಲ್ಲಿ ಬಿಳಿ ಅಂಗಿಯ ಮಹಾಶಯನೊಬ್ಬ ಗಿಡ್ಡ ಅಚ್ಚನ್ನು ಹೊರಗೆಳೆದು, ಉದ್ದದ್ದನ್ನು ತೂರಿಸಿ, ಅಂಗಿಗೆ ಒಂದು ಚುಕ್ಕೆ ಎಣ್ಣೆ ತಾಗಿಸಿಕೊಳ್ಳದೆ ನಗುತ್ತಾ ನಿಂತ. ನಾಲ್ಕೇ ನಿಮಿಷ! ನಾನು ಉದ್ದದ ಅಚ್ಚನ್ನೂ ನಟ್ ತಿರುಗಿಸುವ ಒಂದು ಪಾನಾವನ್ನೂ ಕೊಂಡುತಂದೆ. ಅಂಗಿಯೂ ಬಿಳಿಯದೇ ಹಾಕಿಕೊಂಡೆ.

ಶನಿವಾರ ಬೆಳಗ್ಗೆ ಸುಜಾತಾ ಬಾಲ್ಕನಿಯ ಬಾಗಿಲ ಪಕ್ಕದಲ್ಲೇ ಪತ್ರೊಡೆಯ ಹಿಟ್ಟು ರುಬ್ಬಿ ಬೋಗುಣಿಗೆ ತುಂಬಿಸುತ್ತಿದ್ದಳು.

"ಸ್ಟೇಷನಿನ ಹತ್ರ ರಿಪೇರಿಯವ ಇದ್ದಾನಲ್ಲ, ಅವನಲ್ಲಿಗೆ ಕೊಂಡು ಹೋಗಿ ಮಾರಾಯ್ರೆ," ಎಂದಳು.

"ಅಚ್ಚು ಅಂದ್ರೆ ಎಂತ? ಒಂದು ಕಬ್ಬಿಣದ ಸರಳು. ಅದನ್ನು ಎಳೀಲಿಕ್ಕೆ ಪಂಡಿತರು ಬೇಕಾ?"

ಎಡಗಡೆಯ ನಟ್ ಬಿಚ್ಚಿದೆ. ಅದರ ಒಳಗೆ ಇನ್ನೊಂದು ನಟ್. ಅದರ ಒಳಗೆ ಮತ್ತೊಂದು! ಎಲ್ಲವನ್ನೂ ಕಿತ್ತು, ಮೊಣಕಾಲು ಕೊಟ್ಟು ಅಚ್ಚನ್ನು ಎಳೆದೆ. ಬಂತು. ಅದರ ಹಿಂದೆಯೇ ಚಕ್ರದ ನಡುವಿನ ಹಬ್ಬಿನ ಒಳಗಿದ್ದ ಉಕ್ಕಿನ ಗುಂಡುಗಳೂ ಬಂದವು! ಹೊಟ್ಟೆಯೊಳಗೆ ಗುಂಡುಗಳಿವೆ ಎಂದು ಆ ಮಹಾಶಯ ಒಂದು ಮಾತು ಹೇಳಬಾರದೇ? ಹೇಳಿರಬಹುದು. ಆ ಭಾಗವನ್ನು ನಾನು ಬೇಗ ಬೇಗ ಓಡಿಸಿದ್ದೆ. ಆದರೂ ಎರಡು ಸಲ ಹೇಳಬೇಕಿತ್ತು!

ಗುಂಡುಗಳು ನೆಲದ ತುಂಬ ಕುಣಿದವು. ಕೆಲವು ನೀರು ಹೋಗುವ ತೂತಿನಿಂದ ಹೊರಗೆ ಹಾರಿದವು. ಕೆಳಗಿನ ಮನೆಯ ಕುಲಕರ್ಣಿ ಮಾಸ್ತರರು ಅಂಗಳದಲ್ಲಿ ಪೇಪರ್ ಓದುತ್ತಾ ಕುಳಿತಿದ್ದರು. ಐದು ನಿಮಿಷದಲ್ಲಿ ಮೇಲೆ ಬಂದು ಬೆಲ್ ಒತ್ತಿ, ಅಂಗೈಯಲ್ಲಿ ನಾಲ್ಕು ಗುಂಡು ತೋರಿಸಿದರು.

"ಅಹೋ ಭಟ್, ಗಾರಾ ಪಡ್ತಾಯತ್ ಕಾ?"

ಆಲಿಕಲ್ಲು ಬೀಳುತ್ತಿದೆಯೇ ಎಂದು ಗಂಭೀರವಾಗಿ ವಿಚಾರಿಸುತ್ತಿದ್ದರು! ಒಂದು ಬೋಳುತಲೆಯ ಮೇಲೇ ಬಿದ್ದಿತ್ತಂತೆ.

ವಿಡಿಯೋವನ್ನು ಮತ್ತೆ ನೋಡಿದೆ, ಹದಿನೆಂಟು ಗುಂಡು ಇರಬೇಕು. ಮಂಚದ ಕೆಳಗೆ, ಚಪ್ಪಲಿಯೊಳಗೆ, ತುಳಸಿಯ ಕುಂಡದಲ್ಲಿ ಹುಡುಕಿ ಒಟ್ಟು ಮಾಡಿದರೆ ಹದಿನೇಳು. ಸುಜಾತಾ ಬೋಗುಣಿಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು.

"ಇದರೊಳಗೆ ಬಿದ್ದಿದ್ರೆ?"

"ಛೆ! ಅಷ್ಟು ದೂರ ಹಾರಲಿಕ್ಕೆ ಅದಕ್ಕೆಂತ ರೆಕ್ಕೆ ಉಂಟಾ?"

"ಸಂಘದ ಅಧ್ಯಕ್ಷರದ್ದು ಹೊಸ ಹಲ್ಲಿನ ಸೆಟ್ಟು. ನಾಳೆ ಅವರ ಬಾಯಿಗೆ ಸಿಕ್ಕಿದ್ರೆ ನಾನು ಮುಖ ಎಲ್ಲಿ ಇಟ್ಕೊಳ್ಳಲಿ?"

ಅವಳ ದನಿ ನಡುಗಿದ್ದನ್ನು ಕೇಳಿ ನನ್ನ ಜಂಭವೆಲ್ಲ ಇಳಿದುಹೋಯಿತು. ಹತ್ತು ಕಿಲೋ ಅಕ್ಕಿಯ ಹಿಟ್ಟನ್ನು ಅವಳು ಹಿಡಿ ಹಿಡಿಯಾಗಿ ಬೆರಳುಗಳ ನಡುವೆ ಹಿಸುಕಿ ನೋಡಿದಳು. ಎರಡು ಗಂಟೆ! ನನ್ನನ್ನು ಹತ್ತಿರ ಸೇರಿಸಲಿಲ್ಲ. ಕೊನೆಯ ಹಿಡಿಯೂ ಮುಗಿದಾಗ, ಬಾಗಿಲಲ್ಲಿ ತಪ್ಪಿತಸ್ಥನಂತೆ ನಿಂತಿದ್ದ ನನ್ನನ್ನು ದಿಟ್ಟಿಸಿ ನೋಡಿದಳು.

"ನಿಮ್ಮ ಮೊಣಕೈಯಲ್ಲಿ ಎಂತ ಅದು?"

ಗ್ರೀಸಿಗೆ ಅಂಟಿಕೊಂಡು ಹದಿನೆಂಟನೆಯ ಗುಂಡು ನೆಮ್ಮದಿಯಾಗಿ ಕುಳಿತಿತ್ತು.

ಸಂಜೆ ಅವಳೇ ನನ್ನನ್ನು, ಸೈಕಲ್ಲನ್ನು, ಚಕ್ರವನ್ನು, ಡಬ್ಬಿಯಲ್ಲಿದ್ದ ಗುಂಡುಗಳನ್ನು ಸ್ಟೇಷನ್ನಿನ ಬಳಿಯ ರಿಪೇರಿಯ ಮಲ್ಲಪ್ಪನಲ್ಲಿಗೆ ಕರೆದುಕೊಂಡು ಹೋದಳು. ಮಲ್ಲಪ್ಪ ವಿಜಯಪುರದ ಕಡೆಯವನು. ಡಬ್ಬಿ ತೆರೆದು ನೋಡಿ ಹಣೆ ಮುಟ್ಟಿಕೊಂಡ.

"ಅಚ್ಚು ಯಾಕ ಬಿಚ್ಚಿಸೀರಿ? ಅಚ್ಚಿನ ಮ್ಯಾಲಿರೋ ಈ ಸೈಡ್ ಸ್ಟ್ಯಾಂಡಿನ ದಪ್ಪ ಪಟ್ಟಿ ತಗದು, ಆ ಜಾಗಾದಾಗ ಕೊಂಡಿ ಪಟ್ಟಿ ಕೂಡ್ಸಿದ್ರ ಮುಗೀತಿತ್ತಲ್ರೀ! ಹಳೇ ಅಚ್ಚೇ ಸಾಕಿತ್ತು. ಯಾರೋ ಹುಡುಗ್ರು ಕೈ ಆಡಿಸ್ಯಾರ ನೋಡ್ರಿ."

"ಹೌದೌದು," ಎಂದೆ ನಾನು ಆವೇಶದಿಂದ. "ಈಗಿನ ಹುಡುಗರಿಗೆ ಸ್ವಲ್ಪವೂ ಜವಾಬ್ದಾರಿ ಇಲ್ಲ!"

"ಆ ಹುಡುಗ ಇವರೇ," ಎಂದಳು ಸುಜಾತಾ. "ವಯಸ್ಸು ನಲವತ್ತೆಂಟು."

ಮಲ್ಲಪ್ಪ ರಾತ್ರಿಯೊಳಗೆ ಎಲ್ಲವನ್ನೂ ಜೋಡಿಸಿಕೊಟ್ಟ. ಮರುದಿನ ಪತ್ರೊಡೆ ಟ್ರೈಲರಿನಲ್ಲೇ ಹೊರಟಿತು. ಆದರೆ ಸೈಕಲ್ ತುಳಿದವಳು ಸುಜಾತಾ. ನನಗೆ ಸಿಕ್ಕಿದ್ದು ಹಿಂದಿನಿಂದ ಪಾತ್ರೆಯ ಮುಚ್ಚಳ ಒತ್ತಿ ಹಿಡಿದು ಓಡುವ ಕೆಲಸ. ವಾಶಿಯ ಸಿಗ್ನಲ್ಲಿನಲ್ಲಿ ನಿಂತಾಗ, ವಾಕಿಂಗ್ ಮುಗಿಸಿ ಬರುತ್ತಿದ್ದ ಒಬ್ಬ ಗೃಹಸ್ಥ ನನ್ನ ಹೆಗಲು ತಟ್ಟಿದ.

"ಅಣ್ಣಾ, ದೋ ಪ್ಲೇಟ್ ಇಡ್ಲಿ!"

ಇಲ್ಲಿ ಸೈಕಲ್ಲಿನಲ್ಲಿ ಇಡ್ಲಿ ಮಾರುವವರೆಲ್ಲ ಅಣ್ಣಂದಿರೇ! ನಾನು ಎದೆ ಸೆಟೆಸಿ, ನಾನೊಂದು ದೊಡ್ಡ ಕಂಪೆನಿಯ ಮ್ಯಾನೇಜರ್ ಎಂದು ಹೇಳಲು ಬಾಯಿ ತೆರೆದೆ.

"ಚಟ್ನಿ ಜಾಸ್ತಿ," ಎಂದ ಆತ.