ಪೂರ್ತಿ ವಾಲ್ಯೂಮಿನ ಗಿರಾಕಿಗಳು

ಕೋಲಾರದಲ್ಲಿ ಕಾರಿಗೆ ಸ್ಪೀಕರ್ ಹಾಕುವ ಅಂಗಡಿ ನನ್ನದು. ಬೆಳಗ್ಗೆ ಶಟರ್ ಎತ್ತುವಾಗ ಇವತ್ತಾದರೂ ಸುಮ್ಮನೆ ಕೆಲಸ ಮಾಡಿ ಮನೆಗೆ ಹೋಗೋಣ ಅಂದುಕೊಳ್ಳುತ್ತೇನೆ. ಗಿರಾಕಿಗಳು ಬಿಡಲ್ಲ.

೧. ದುಡ್ಡು ಕೊಟ್ಟಿದ್ದು ಪೂರ್ತಿಗೆ

ಮುಳಬಾಗಿಲಿನ ಟ್ಯಾಕ್ಸಿ ಡ್ರೈವರ್ ಒಬ್ಬ ಮೂರನೇ ಸಲ ಸುಟ್ಟ ಸ್ಪೀಕರ್ ಹಿಡಿದುಕೊಂಡು ಬಂದ.

"ವಾಲ್ಯೂಮ್ ಎಷ್ಟಿಡ್ತೀಯಪ್ಪ?"

"ಪೂರ್ತಿ."

"ಅಯ್ಯೋ, ಪೂರ್ತಿ ಇಟ್ಟರೆ ಆಂಪ್ಲಿಫೈಯರ್ ಕೈಲಿ ಆಗದೆ ಧ್ವನಿ ಒಡೆಯುತ್ತೆ ಕಣೋ. ಒಡೆದ ಧ್ವನಿ ಸ್ಪೀಕರ್ ಒಳಗಿನ ಕಾಯಿಲ್ ಸುಡುತ್ತೆ. ಮುಕ್ಕಾಲಿಗೆ ನಿಲ್ಲಿಸು. ಗರಗರ ಅಂದ್ರೆ ಇನ್ನೂ ಇಳಿಸು."

"ನಲವತ್ತರ ತನಕ ನಂಬರ್ ಕೊಟ್ಟಿದಾರಲ್ಲಣ್ಣ. ಮೂವತ್ತಕ್ಕೆ ನಿಲ್ಲಿಸೋದಾದ್ರೆ ಮಿಕ್ಕ ಹತ್ತು ಯಾಕೆ ಕೊಟ್ರು?"

ಹೊಸ ಸ್ಪೀಕರ್ ಹಾಕಿಕೊಟ್ಟೆ. ಹೋಗುವಾಗ ಅಂದ, "ಇನ್ನೊಂದು ಸಲ ಸುಟ್ಟರೆ ಸ್ಟ್ಯಾಂಡಲ್ಲಿ ಎಲ್ಲರಿಗೂ ಹೇಳ್ತೀನಿ, ಆ ಅಂಗಡಿಗೆ ಹೋಗಬೇಡಿ ಅಂತ."

ಮುಳಬಾಗಿಲಿನ ಟ್ಯಾಕ್ಸಿಗಳೇ ನನ್ನ ಅರ್ಧ ವ್ಯಾಪಾರ. ಅವನ ಹೊಟ್ಟೆ ತಣ್ಣಗಿರಲಿ, ಆವತ್ತಿಂದ ನನಗೆ ನಿದ್ದೆ ಇಲ್ಲ.

೨. ಕೆಂಪು ಚುಕ್ಕೆ

ಹೇಳಿದರೆ ಕೇಳಲ್ಲ, ಗುರುತು ಹಾಕಿಬಿಡೋಣ ಅಂತ ತೀರ್ಮಾನಿಸಿದೆ. ಆಂಪ್ಲಿಫೈಯರಿನ ಜೋರು ಹೊಂದಿಸುವ ತಿರುಪಿದೆಯಲ್ಲ, ಅದು ಎಲ್ಲಿ ನಿಲ್ಲಬೇಕೋ ಅಲ್ಲಿ ಹೆಂಡತಿಯ ನೈಲ್ ಪಾಲಿಶ್‌ನಿಂದ ಚುಕ್ಕೆ ಇಡತೊಡಗಿದೆ. ಶಿವಾರಪಟ್ಟಣದ ಶಿಲ್ಪಿಯೊಬ್ಬರ ಗಾಡಿಗೂ ಇಟ್ಟು, "ಕೆಂಪು ದಾಟಬೇಡಿ ಸ್ವಾಮಿ" ಅಂದೆ.

ಆಯುಧಪೂಜೆಯ ಮಾರನೇ ದಿನವೇ ಅವರು ಹಾಜರು. ಗಾಡಿ ತುಂಬ ಸುಟ್ಟ ವಾಸನೆ. ಡಿಕ್ಕಿ ತೆಗೆದರೆ ಆಂಪ್ಲಿಫೈಯರಿಗೆ ಮೂರು ಪಟ್ಟೆ ವಿಭೂತಿ, ತಿರುಪಿನ ಸುತ್ತ ಕುಂಕುಮವೋ ಕುಂಕುಮ. ನನ್ನ ಚುಕ್ಕೆ ಯಾವುದು, ಪೂಜೆಯ ಚುಕ್ಕೆ ಯಾವುದು, ದೇವರೇ ಹೇಳಬೇಕು.

"ತಿರುಪು ಯಾಕೆ ಮುಟ್ಟಿದ್ರಿ?"

"ಒರೆಸುವಾಗ ತಿರುಗಿಬಿಡ್ತು. ಆಮೇಲೆ ನೀವು ಹೇಳಿದ ಹಾಗೆ ಕೆಂಪು ಇರೋ ಕಡೆಗೇ ನಿಲ್ಲಿಸಿದೆ."

೩. ಮುಂದಿನ ಸೀಟು

ಗೌನಿಪಲ್ಲಿಯ ಮಾವಿನ ವ್ಯಾಪಾರಿಯೊಬ್ಬನ ಸ್ಪೀಕರ್ ಮಾತ್ರ ಆರು ವರ್ಷದಿಂದ ಹಾಗೇ ಇದೆ. ಗುಟ್ಟು ಏನಪ್ಪಾ ಅಂತ ಒಂದು ದಿನ ಅವನ ಗಾಡಿ ಹತ್ತಿದೆ. ಮುಂದಿನ ಸೀಟಲ್ಲಿ ಅವನ ತಾಯಿ. ಹಾಡು ಸ್ವಲ್ಪ ಗರಗರ ಅಂದಿದ್ದೇ ತಡ, "ತಗ್ಗಿಂಚ್ರಾ!" ಅಂತ ತೆಲುಗಲ್ಲಿ ಗದರಿ ಮಗನ ತಲೆಗೆ ಒಂದು ಬಿಟ್ಟರು. ತಕ್ಷಣ ಅವನು ಕಮ್ಮಿ ಮಾಡಿದ.

ಇಷ್ಟು ವರ್ಷದ ಅನುಭವದಲ್ಲಿ ಹೇಳ್ತೀನಿ, ಇಂಥ ಮೆಷಿನ್ ಯಾವ ಕಂಪನಿಯೂ ಮಾಡಿಲ್ಲ.

೪. ಮುಳಬಾಗಿಲಿಗೆ ಅದೇ ಔಷಧ

ಕೂಡಲೇ ನಮ್ಮ ಟ್ಯಾಕ್ಸಿ ಡ್ರೈವರಿಗೆ ಫೋನ್ ಮಾಡಿದೆ. "ಒಂದು ವಾರ ನಿಮ್ಮಮ್ಮನ್ನ ಮುಂದೆ ಕೂರಿಸಿಕೊಂಡು ಓಡಾಡು."

ವಾರ ಕಳೆಯಿತು. ತಾಯಿ, ಮಗ ಇಬ್ಬರೂ ಅಂಗಡಿಗೆ ಬಂದರು. ಅವನ ಕೈಯಲ್ಲಿ ಸುಟ್ಟ ಸ್ಪೀಕರ್. ಅರ್ಧ ವ್ಯಾಪಾರ ಹೋಯ್ತು ಅಂದುಕೊಂಡೆ.

ತಾಯಿಯೇ ಮಾತು ತೆಗೆದರು. "ಇವನದೇನೂ ತಪ್ಪಿಲ್ಲಪ್ಪ. ಮುಕ್ಕಾಲಿಗೇ ಇಟ್ಟಿದ್ದ. ದೇವರ ಹಾಡು ಬಂತು, ಪೂರ್ತಿ ಇಡೋ ಅಂದೆ. ಅಂಗಡಿಯಣ್ಣ ಬೈತಾರೆ ಅಂದ. ದೇವರಿಗಿಂತ ದೊಡ್ಡವನೇನ್ಲಾ ಅವನು ಅಂತ ನಾನೇ ತಿರುಗಿಸಿದೆ."

ಅವರನ್ನು ಕುರ್ಚಿಯಲ್ಲಿ ಕೂರಿಸಿ, ಡ್ರೈವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದೆ, "ಸ್ಟ್ಯಾಂಡಲ್ಲಿ ಹೇಳಿಬಿಟ್ಟೆಯಾ?"

"ಹೇಗಣ್ಣ ಹೇಳಲಿ? ನಿಮ್ಮ ಹೆಸರು ಹೇಳಿದ್ರೆ ಸುಳ್ಳಾಗುತ್ತೆ, ಅಮ್ಮನ ಹೆಸರು ಹೇಳಿದ್ರೆ ಊಟ ಸಿಗಲ್ಲ. ಇಲಿ ಕಡೀತು ಅಂದುಬಿಟ್ಟೆ."

ಪುಣ್ಯಾತ್ಮ! ಅವನಿಗೆ ಕಾಫಿ ಕುಡಿಸಿ, ಹೊಸ ಸ್ಪೀಕರ್ ಹಾಕಿ ಕಳಿಸಿ, ಆ ರಾತ್ರಿ ಕಣ್ತುಂಬ ನಿದ್ದೆ ಮಾಡಿದೆ.

ಸೋಮವಾರ ಶಟರ್ ಎತ್ತಿ ತಿರುಗಿದರೆ ಮುಂದೆ ಮುಳಬಾಗಿಲಿನ ಐದು ಟ್ಯಾಕ್ಸಿ ಸಾಲಾಗಿ ನಿಂತಿವೆ. ಸಂತೋಷದಿಂದ ಓಡಿಹೋಗಿ, "ಬನ್ನಿ ಬನ್ನಿ, ಏನ್ ಸೇವೆ?" ಅಂದೆ.

ಮುಂದಿದ್ದ ಡ್ರೈವರ್ ಗಂಭೀರವಾಗಿ ಕೇಳಿದ, "ಅಣ್ಣಾ, ಇಲಿ ಕಡಿಯದ ಸ್ಪೀಕರ್ ಇಟ್ಟಿದೀರಾ?"

ಇದೆ ಅಂದೆ.