ಖಲಾಸ್ ಆದ ಮೇಲಿನ ಮಾತು

ನಮ್ಮ ಭಾವ ಅಕ್ಕನ ಮಾತಿನಲ್ಲಿ ಅರ್ಧವನ್ನಷ್ಟೇ ಕೇಳಿಸಿಕೊಂಡು ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದಾರೆ! ಉಳಿದರ್ಧವನ್ನು ಅವರ ತಲೆಯೊಳಗಿನ ಕಂಪೈಲರ್ ನುಂಗಿಹಾಕುತ್ತದೆ.

ಕಂಪೈಲರ್ ಎಂದರೆ, ಪ್ರೋಗ್ರಾಮ್ ಬರೆಯುವವರ ಬರಹವನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸಿಕೊಡುವ ಮಧ್ಯಸ್ಥ. 'ಇಲ್ಲಿಂದ ವಾಪಸ್ಸು ಹೋಗು' ಎಂಬ ಆಜ್ಞೆಯ ಕೆಳಗೆ ನೀವು ಇನ್ನೂ ಹತ್ತು ಸಾಲು ಬರೆದಿದ್ದೀರಿ ಎನ್ನಿ. ಅಲ್ಲಿಗೆ ಯಾರೂ ತಲುಪುವುದೇ ಇಲ್ಲವಲ್ಲ ಎಂದು ಅದು ಅಷ್ಟನ್ನೂ ಎತ್ತಿ ಎಸೆಯುತ್ತದಂತೆ. ಮಸ್ಕತ್ತಿನಲ್ಲಿ ಪ್ರೋಗ್ರಾಮ್ ಬರೆಯುವ ಕಸುಬು ಮಾಡಿಕೊಂಡಿರುವ ಭಾವ ಮನೆಯಲ್ಲೂ ಅದೇ ಕಾನೂನು ಜಾರಿಗೆ ತಂದಿದ್ದಾರೆ. ಅಕ್ಕನೋ, "ಖಲಾಸ್, ನಿಮ್ಹತ್ರ ಇನ್ನು ಮಾತಾಡಲ್ಲ" ಎಂದು ಘೋಷಿಸಿದ ಮೇಲೆಯೇ ನಿಜವಾದ ಮಾತು ಶುರುಮಾಡುವವಳು. ನಮ್ಮ ವಂಶದಲ್ಲಿ ಮುಖ್ಯ ವಿಷಯ ಬರುವುದೇ ಆಮೇಲೆ!

"ರೀ, ಕೊತ್ತಂಬರಿ ಎಲ್ಲಿ?"

"ಯಾವಾಗ ಹೇಳ್ದೆ?"

"ಬೆಳಿಗ್ಗೇನೇ ಹೇಳಿದ್ನಲ್ಲ!"

"ಖಲಾಸ್ ಅಂದಮೇಲೋ, ಮುಂಚೇನೋ?"

ಆ ದಿನದ ಸಾರು ಬೋಳಾಗಿಯೇ ತಟ್ಟೆಗೆ ಬಂತು.

ಹೀಗಿರುವಾಗ ಅಕ್ಕನ ಕುತ್ತಿಗೆಯಲ್ಲೊಂದು ಗಂಟು ಕಾಣಿಸಿಕೊಂಡಿತು. ಕೆಟ್ಟದ್ದೇನಲ್ಲ, ಆದರೆ ತೆಗೆಸಬೇಕು ಎಂದರು ಡಾಕ್ಟರು. ದನಿಯ ನರ ಪಕ್ಕದಲ್ಲೇ ಹಾದುಹೋಗುತ್ತದೆ, ಅಪರೂಪಕ್ಕೆ ದನಿ ಹೋಗಿಬಿಡುವುದೂ ಉಂಟು ಎಂದೂ ಸೇರಿಸಿದರು. ಅಪರೂಪಕ್ಕೆ! ನಾನು ವಿಮಾನ ಮೇಲೇರಿದರೆ ಕೆಳಗಿನ ನೆಲಕ್ಕೇನಾಯಿತೋ ಎಂದು ಚಿಂತಿಸುವ ಜಾತಿ. ನನಗೆ ಅಷ್ಟು ಸಾಲದೆ? ನಾನಿರುವುದೂ ಮಸ್ಕತ್ತಿನ ದಾರ್ಸೈಟ್ ಬಡಾವಣೆಯ ಅವರದೇ ಕಟ್ಟಡದಲ್ಲಿ, ಅವರ ಮೇಲಿನ ಮಹಡಿಯಲ್ಲಿ. ದಿನಕ್ಕೆ ಏಳು ಸಲ ಮೆಟ್ಟಿಲಿಳಿದು ಬಾಗಿಲು ತಟ್ಟತೊಡಗಿದೆ.

"ನೋಡೋ," ಎಂದರು ಭಾವ, "ಪ್ರೋಗ್ರಾಮಿನಲ್ಲಿ ಖಾಲಿ ಫಂಕ್ಷನ್ ಅಂತ ಒಂದಿರುತ್ತೆ. ಹೆಸರಿರುತ್ತೆ, ಒಳಗೆ ಕೆಲಸ ಇರಲ್ಲ. ಎಷ್ಟು ಸಲ ಕರೆದರೂ ಏನೂ ಆಗಲ್ಲ. ಅದಕ್ಕೇ ಕಂಪೈಲರ್ ಆ ಕರೆಯನ್ನೇ ಕಿತ್ಹಾಕುತ್ತೆ. ನಿನ್ನ ಚಿಂತೆಯೂ ಹಾಗೇ."

"ನಿಮಗೆ ಚಿಂತೆ ಇಲ್ವಾ ಭಾವ?"

"ನನಗೆ ಕೆಲಸ ಇದೆ" ಎಂದು ಬಾಗಿಲು ಹಾಕಿಕೊಂಡರು. ನಾನು ಹೊರಗೇ ಇದ್ದೆ!

ಆ ಕೆಲಸದ ಕಥೆ ಮರುವಾರ ಅವರ ಆಫೀಸಿನ ಮಂಗಳೂರಿನ ಗೆಳೆಯರೊಬ್ಬರಿಂದ ತಿಳಿಯಿತು. ಊರಾಚೆ ಅಲ್ ಅಮೇರಾತಿನಲ್ಲಿರುವ ಕಟ್ಟಡವೊಂದರ ನೀರಿನ ಪಂಪಿಗೆ ಭಾವ ಪ್ರೋಗ್ರಾಮ್ ಬರೆದಿದ್ದರು. ಪಂಪು ನಿಂತ ಮೇಲೆ ಮತ್ತೆ ಹೊರಡುವ ಮುಂಚೆ ಸ್ವಲ್ಪ ಹೊತ್ತು ತಡೆಯಲಿ ಎಂದು, ಏನೂ ಮಾಡದೆ ಸುಮ್ಮನೆ ಎಣಿಸುತ್ತ ಕೂರುವ ಒಂದು ಸುತ್ತನ್ನು ಅದರಲ್ಲಿ ಇಟ್ಟಿದ್ದರಂತೆ. ಇದರಿಂದ ಏನು ಪ್ರಯೋಜನ ಎಂದು ಕಂಪೈಲರ್ ಆ ಕಾಯುವಿಕೆಯನ್ನೇ ತೆಗೆದುಹಾಕಿತು! ಪಂಪು ಬಿಕ್ಕಳಿಕೆ ಬಂದವರಂತೆ ಹೊರಟು ನಿಂತು, ಹೊರಟು ನಿಂತು, ಕೊನೆಗೆ ಸುಟ್ಟೇಹೋಯಿತು.

"ಇದು ಹೊಸ ಮಕ್ಕಳು ಮಾಡುವ ತಪ್ಪು ಮಾರಾಯ್ರೆ! ಇವರಿಗೆ ಎಂತ ಆಗಿದೆ?" ಎಂದರು ಆ ಗೆಳೆಯರು.

ಅಕ್ಕನಿಗೆ ಹೇಳಿದೆ. "ಕಾಯೋದು ಇವರಿಗೂ ಗೊತ್ತಿಲ್ಲ, ಇವರ ಕಂಪೈಲರಿಗೂ ಗೊತ್ತಿಲ್ಲ ಬಿಡು" ಎಂದು ನಕ್ಕಳು. ಆ ನಗು ಇನ್ನೆಷ್ಟು ದಿನವೋ ಎಂದು ನಾನು ಎಂಟನೆಯ ಸಲ ಮೆಟ್ಟಿಲು ಹತ್ತಿದೆ.

ಆಪರೇಷನ್ನಿನ ದಿನ ಬೆಳಿಗ್ಗೆ ಮೂವರೂ ಹೊರಟೆವು. ಆಸ್ಪತ್ರೆ ಒಂದು ಕಡೆ, ಭಾವ ಕಾರು ತಿರುಗಿಸಿದ್ದು ಮತ್ರಾ ಬಂದರಿನ ಕಡೆ!

"ರೀ, ದಾರಿ ಮರೆತ್ರಾ?"

"ಇನ್ನೂ ಟೈಮಿದೆ. ನಿಮ್ಮ ಚಿಕ್ಕಮ್ಮನ ಗೃಹಪ್ರವೇಶದಲ್ಲಿ ಜಗಳ ಆಯ್ತಲ್ಲ, ಯಾಕೆ ಅದು?"

"ಅಯ್ಯೋ, ಹನ್ನೊಂದು ವರ್ಷ ಆಯ್ತು! ಆಗಲೇ ಹೇಳಿದ್ನಲ್ಲ."

"ಈಗ ಹೇಳು."

ಅಕ್ಕ ಹೇಳಿದಳು. ಬಂದರಿನ ಪಕ್ಕದ ರಸ್ತೆಯಲ್ಲಿ ಹೋಗಿ ಬರುವಷ್ಟರಲ್ಲಿ ಎರಡನೆಯ ಪಂಕ್ತಿಗೆ ಹೋಳಿಗೆ ಸಾಲದೆ ಬಂದದ್ದು, ಸೋದರಮಾವ ಎಲೆ ಮಡಚಿ ಎದ್ದದ್ದು, ಅತ್ತೆ ಬಸ್ ಸ್ಟ್ಯಾಂಡಿನವರೆಗೂ ಅಳುತ್ತ ಹೋದದ್ದು, ಎಲ್ಲವೂ ಬಂತು. ಹಿಂದಿನ ಸೀಟಿನಲ್ಲಿ ನಾನು ಗಡಿಯಾರ ನೋಡಿ ಬೆವರುತ್ತಿದ್ದೆ. ಭಾವ ಮಾತ್ರ ಪ್ರತಿ ಸಿಗ್ನಲಿನಲ್ಲೂ "ಆಮೇಲೆ?" ಎನ್ನುತ್ತಿದ್ದರು.

ಮಧ್ಯಾಹ್ನ ನಮ್ಮನ್ನು ವಾರ್ಡಿನೊಳಗೆ ಬಿಟ್ಟರು. ಅಕ್ಕನ ಕುತ್ತಿಗೆಗೆ ಪಟ್ಟಿ ಹಾಕಿದ್ದರು, ಮುಖ ಬಿಳಿಚಿಕೊಂಡಿತ್ತು. ನನಗೆ ಧೈರ್ಯ ಸಾಲದೆ ಬಾಗಿಲಲ್ಲೇ ನಿಂತೆ. ಹತ್ತಿರ ಹೋದ ಭಾವನನ್ನು ಅವಳು ಮೇಲಿನಿಂದ ಕೆಳಗೆ ನೋಡಿದಳು. ತುಟಿ ಅಲುಗಿತು.

"ಗುಂಡಿ ತಪ್ಪು ಹಾಕಿದ್ದೀರಿ."

ಒಡಕು ದನಿ. ಆದರೆ ಅವಳದೇ ದನಿ. ಬಾಗಿಲವರೆಗೂ ಕೇಳಿಸಿತು.

ಭಾವ ಅಂಗಿಯ ಕಡೆ ನೋಡಲಿಲ್ಲ. ಮಂಚದ ಪಕ್ಕ ಬಗ್ಗಿ, ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದರು.

"ಕೇಳಿಸ್ಲಿಲ್ಲ ಕಣೇ. ಇನ್ನೊಂದ್ಸಲ ಹೇಳು."

ಹೇಳಿದಳು.

"ಇನ್ನೊಂದ್ಸಲ."