ಮಾದರಿ ನಿವಾಸಿಯ ತಾಲೀಮು

ಕೌಟುಂಬಿಕ ದೌರ್ಜನ್ಯದಿಂದ ನೊಂದ ಮಹಿಳೆಯರ ಸುರಕ್ಷಿತ ವಸತಿ ಹಾಗೂ ನೆರವು ಕೇಂದ್ರವು ಸ್ಥಾಪನೆಯಾದಂದಿನಿಂದ, ಅಂದರೆ ಆರು ವರ್ಷ ನಾಲ್ಕು ತಿಂಗಳ ಅವಧಿಯಲ್ಲಿ, ಅಲ್ಲಿ ಒಬ್ಬ ಮಹಿಳೆಗೂ ಯಾವುದೇ ತೊಂದರೆಯಾಗಿರಲಿಲ್ಲ. ಏಕೆಂದರೆ ಒಬ್ಬ ಮಹಿಳೆಯೂ ಅಲ್ಲಿ ಸೇರಿರಲಿಲ್ಲ. ಎಂಟು ಮಂಚ, ಎಂಟು ಹಾಸಿಗೆ; ಹಾಸಿಗೆಗಳ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚಿರಲಿಲ್ಲ.

ಯಾರೂ ಬರುತ್ತಿರಲಿಲ್ಲ ಅಂತಲ್ಲ. ವರ್ಷಕ್ಕೆ ಏಳೆಂಟು ಜನ ಬರುತ್ತಿದ್ದರು. ನಿಯಮ ನಾಲ್ಕರ ಪ್ರಕಾರ ಅರ್ಜಿಗೆ, ಪೆಟ್ಟು ಬಿದ್ದ ವೇಳೆಯಲ್ಲಿ ಖುದ್ದು ಹಾಜರಿದ್ದ ಇಬ್ಬರ ಸಹಿ ಬೇಕು. ಅವರಲ್ಲೊಬ್ಬರು ಮನೆಯ ಯಜಮಾನರಾಗಿರತಕ್ಕದ್ದು. ಹೆಂಗಸರು ಅರ್ಜಿ ಹಿಡಿದು ಸಹಿ ಹಾಕಿಸಲು ಮನೆಗೆ ಹೋಗುತ್ತಿದ್ದರು. ಹೋದವರು ಮತ್ತೆ ಬರುತ್ತಿರಲಿಲ್ಲವಾದ್ದರಿಂದ ಅವರ ಸಮಸ್ಯೆ ಬಗೆಹರಿದಿದೆ ಎಂದು ಕೇಂದ್ರವು ದಾಖಲಿಸಿಕೊಳ್ಳುತ್ತಿತ್ತು.

ಈ ನಿಯಮಗಳನ್ನೆಲ್ಲ ಟೈಪ್ ಮಾಡಿದವಳು ಕಾರ್ಬನ್ ಅಕ್ಕ. ಏನು ಕೊಟ್ಟರೂ ತುಟಿ ಪಿಟಕ್ಕೆನ್ನದೆ ನಾಲ್ಕು ಪ್ರತಿ ತೆಗೆದುಕೊಡುವ ಟೈಪಿಸ್ಟ್ ಆದ್ದರಿಂದ ಆ ಹೆಸರು. ‘ಮಹಿಳೆಯರು ನಿರ್ಭಯವಾಗಿ ಮುಂದೆ ಬರಬೇಕು’ ಎಂಬ ವಾಕ್ಯವನ್ನು ಅವಳು ಸಾವಿರ ಸಲವಾದರೂ ಟೈಪ್ ಮಾಡಿದ್ದಾಳು. ಟೈಪ್ ಮಾಡಿ, ಮೆಷಿನ್ನಿಗೆ ಕವರು ಹಾಕಿ, ಮುಂದೆ ಬರದೆ ಮನೆಗೆ ಹೋಗುತ್ತಿದ್ದಳು. ಮನೆಯಲ್ಲಿ ಗಂಡನಿದ್ದ. ಶಾಲೆಯೊಂದರ ಡ್ರಿಲ್ ಮೇಷ್ಟ್ರು. ಊರಿಗೆ ಉಪಕಾರಿ, ಮನೆಗೆ ಮಾರಿ. ಬಾಗಿಲು ತೆಗೆಯುವುದು ತಡವಾದರೆ ಒಂದೇಟು, ಬೇಗ ತೆಗೆದರೆ “ಯಾರಿಗೆ ಕಾಯ್ತಿದ್ದೆ?” ಅಂತ ಎರಡು. ಇಷ್ಟು ವರ್ಷದಲ್ಲಿ ಬಾಗಿಲು ತೆಗೆಯುವ ಸರಿಯಾದ ವೇಳೆ ಯಾವುದೆಂದು ಕಂಡುಹಿಡಿಯಲಾಗದ ತನ್ನ ದಡ್ಡತನಕ್ಕೆ ಅವಳಿಗೇ ನಗು ಬರುತ್ತಿತ್ತು.

ಒಂದು ಸೋಮವಾರ ಅವಳ ಎಡಗಿವಿ ಕೇಳಿಸದಾಯಿತು. ಇನ್ನೊಂದು ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟು ಜಾಣೆ ಅವಳು. ಆದರೆ ಅದೂ ಹೋಗುತ್ತೆ, ಆಮೇಲೆ ನೀನೂ ಹೋಗ್ತೀಯ ಎಂದು ಗಂಡ ಮುಂಗಡ ಸೂಚನೆ ಕೊಟ್ಟಿದ್ದ. ಅವಳಿಗೆ ಜೀವಭಯ ಹುಟ್ಟಿತು. ನೆಟ್ಟಗೆ ಅಧೀಕ್ಷಕಿಯವರ ಕೋಣೆಗೆ ಹೋದಳು.

“ಮೇಡಂ, ಇನ್ಮೇಲೆ ನಾನು ಇಲ್ಲೇ ಇರ್ತೀನಿ. ಮನೆಗೆ ಹೋದ್ರೆ ಉಳಿಯಲ್ಲ.”

ಅಧೀಕ್ಷಕಿ ಕೆಟ್ಟವರಲ್ಲ. ಊದಿದ ಕೆನ್ನೆ ನೋಡಿ ಕಣ್ಣಲ್ಲಿ ನೀರು ತಂದುಕೊಂಡೇ ಕೇಳಿದರು: “ನಿಯಮ ಹನ್ನೊಂದು ಏನು ಹೇಳುತ್ತೆ?”

“ಕೇಂದ್ರದ ಸಿಬ್ಬಂದಿ ಕೇಂದ್ರದ ಫಲಾನುಭವಿ ಆಗತಕ್ಕದ್ದಲ್ಲ.”

“ಮತ್ತೆ?”

ಮತ್ತೇನಿಲ್ಲ. ಕರಡಿನಲ್ಲಿ ‘ಆಗದಿರುವುದು ಒಳ್ಳೆಯದು’ ಎಂದಿತ್ತು. ಅದು ತೀರಾ ಮೆತ್ತಗಾಯಿತೆಂದು ಅವಳೇ ಸಲಹೆ ಕೊಟ್ಟು ಬಿಗಿ ಮಾಡಿಸಿದ್ದಳು. ಅದಕ್ಕೆ ಲಿಖಿತ ಪ್ರಶಂಸೆಯೂ ಸಿಕ್ಕಿತ್ತು. ತಾನು ತೋಡಿದ ಹಳ್ಳ ಎಷ್ಟು ಅಚ್ಚುಕಟ್ಟಾಗಿದೆ ಎಂದು ಅವಳಿಗೆ ಒಂದು ಗಳಿಗೆ ಹೆಮ್ಮೆಯಾದದ್ದೂ ಸುಳ್ಳಲ್ಲ.

ಅಷ್ಟರಲ್ಲಿ ಟಪಾಲು ಬಂತು. ತಿಂಗಳ ಕೊನೆಗೆ ಕೇಂದ್ರದ ಮೊಟ್ಟಮೊದಲ ಪರಿವೀಕ್ಷಣೆ. ನಿಯಮ ಹದಿನಾರರಂತೆ, ನಿವಾಸಿಗಳ ಗೌಪ್ಯತೆ ಕಾಪಾಡುವ ಸಲುವಾಗಿ ಪರಿವೀಕ್ಷಕರು ನಿಜವಾದ ನಿವಾಸಿಗಳನ್ನು ನೋಡುವಂತಿಲ್ಲ. ಸಿಬ್ಬಂದಿಯಲ್ಲೊಬ್ಬರು ಮಾದರಿ ನಿವಾಸಿಯಾಗಿ ನಟಿಸಬೇಕು. ಹಾಗೆ ನೇಮಕಗೊಂಡವರು ತಾಲೀಮಿಗಾಗಿ ಕೇಂದ್ರದಲ್ಲೇ ವಾಸಿಸತಕ್ಕದ್ದು. ಅಧೀಕ್ಷಕಿ ಕಾಗದ ನೋಡಿದರು, ಕೆನ್ನೆ ನೋಡಿದರು, ಮತ್ತೆ ಕಾಗದ ನೋಡಿದರು.

“ಶ್ರೀಮತಿಯವರು ದೌರ್ಜನ್ಯಕ್ಕೆ ಒಳಗಾದವರಂತೆ ನಟಿಸಲು ಈ ಮೂಲಕ ಆದೇಶಿಸಲಾಗಿದೆ” ಎಂಬ ಆಜ್ಞೆಯನ್ನು ಕಾರ್ಬನ್ ಅಕ್ಕನೇ ನಾಲ್ಕು ಪ್ರತಿಯಲ್ಲಿ ಟೈಪ್ ಮಾಡಿದಳು. ಮೊದಲನೆಯ ಹಾಸಿಗೆಯ ಪ್ಲಾಸ್ಟಿಕ್ಕನ್ನೂ ಅವಳೇ ಬಿಚ್ಚಿದಳು.

ಮೂರನೆಯ ದಿನ ಗಂಡ ಗೇಟಿಗೆ ಬಂದ.

“ಅಮ್ಮಾವ್ರು ಡ್ಯೂಟಿ ಮೇಲಿದ್ದಾರೆ,” ಎಂದ ಕಾವಲುಗಾರ.

“ಏನು ಡ್ಯೂಟಿ?”

“ಗಂಡನ ಹತ್ರ ಏಟು ತಿಂದೋರ ಥರ ಇರೋ ಡ್ಯೂಟಿ.”

ಮೇಷ್ಟ್ರು ಯೋಚಿಸಿದ. “ಆರ್ಡರ್ ಇದೆಯಾ?”

ಆರ್ಡರ್ ಇತ್ತು, ಸೀಲೂ ಇತ್ತು. ಹೆಂಡತಿ ಮನೆ ಬಿಟ್ಟು ಹೋದಳೆಂದರೆ ಮಾನ ಹೋಗುತ್ತದೆ. ಕರ್ತವ್ಯದ ಮೇಲೆ ಹೋಗಿದ್ದಾಳೆಂದರೆ ಮಾನ ಬರುತ್ತದೆ. “ಸರಿಯಾಗಿ ಮಾಡೋಕೆ ಹೇಳಿ. ಅವಳಿಗೆ ಯಾವ್ದೂ ನೆಟ್ಟಗೆ ಬರಲ್ಲ,” ಎಂದು ಹೇಳಿ ಆತ ಹೊರಟುಹೋದ.

ಕಾರ್ಬನ್ ಅಕ್ಕ ಹೊಟ್ಟೆ ತುಂಬ ಉಂಡಳು, ಕಣ್ತುಂಬ ನಿದ್ದೆ ಮಾಡಿದಳು. ಆದರೆ ತಿಂಗಳ ಕೊನೆ ಹತ್ತಿರವಾದಂತೆ ಲೆಕ್ಕ ಹಾಕತೊಡಗಿದಳು. ಚೆನ್ನಾಗಿ ನಟಿಸಿದರೆ ತಾಲೀಮು ಮುಗಿಯಿತು, ಮನೆಗೆ ನಡೆ ಅನ್ನುತ್ತಾರೆ. ಉಳಿಯಬೇಕಾದರೆ ಕೆಡಿಸಬೇಕು. ಕೊಟ್ಟ ಕೆಲಸ ಕೆಡಿಸಿ ಗೊತ್ತಿಲ್ಲದವಳು ಕೂತು, ಒಂದು ಹಸಿ ಹಸಿ ಸುಳ್ಳು ಕತೆ ಕಟ್ಟಿ ಬಾಯಿಪಾಠ ಮಾಡಿದಳು.

ಪರಿವೀಕ್ಷಕರು ಅಂಕಪಟ್ಟಿಯೊಂದಿಗೆ ಬಂದರು. ಅದರಲ್ಲಿ ಕಣ್ಣೀರು, ನಡುಕ, ಕೃತಜ್ಞತೆ ಎಂದು ಮೂರು ಕಲಂಗಳಿದ್ದವು.

“ಏನಾಯ್ತು ಹೇಳಮ್ಮ,” ಎಂದರು.

ಹಾಗೆಂದು ಅವಳನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಬಾಯಿಪಾಠ ಮಾಡಿದ್ದು ಮರೆತೇಹೋಯಿತು; ನಿಜ ತಾನಾಗಿ ಹೊರಬಂತು. ಗಂಡ ಯಾರೆಂದು ಹೇಳಿದಳು, ಕಿವಿ ಹೋದದ್ದು ಹೇಳಿದಳು. ಬಾಗಿಲಿನ ವಿಷಯ ಹೇಳುವಾಗ ಎಂದಿನಂತೆ ನಗು ಬಂತು, ನಕ್ಕಳು. ಎಲ್ಲ ಹೇಳಿ ಮುಗಿಸಿದ ಮೇಲೆ, ಕೆಟ್ಟೆನಲ್ಲಪ್ಪ, ನಾಳೆ ಮನೆಗೆ ಹೋಗಬೇಕಲ್ಲ ಎಂದು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟತೊಡಗಿದಳು.

ಪರಿವೀಕ್ಷಕರು ಪೆನ್ನು ಕೆಳಗಿಟ್ಟರು. “ಅಳಲೇ ಇಲ್ಲ. ಮಧ್ಯ ನಕ್ರು ಬೇರೆ. ಏಟು ತಿಂದೋರು ನಗ್ತಾರಾ? ಕಿವಿ ಸಂಗತಿ ಅತಿಯಾಯ್ತು. ಆಮೇಲೆ ಆ ಡ್ರಿಲ್ ಮೇಷ್ಟ್ರು ನನಗೆ ಗೊತ್ತು, ದೇವರಂಥ ಮನುಷ್ಯ. ಕಲ್ಪನೆಗೂ ಒಂದು ಮಿತಿ ಬೇಕು.”

‘ನೈಜತೆ ಸಾಲದು. ಮುಂದಿನ ಪರಿವೀಕ್ಷಣೆಯವರೆಗೆ ತಾಲೀಮು ಮುಂದುವರಿಸತಕ್ಕದ್ದು’ ಎಂದು ಷರಾ ಬರೆದರು. ಅಧೀಕ್ಷಕಿ ನಾಚಿಕೆಯಿಂದ ತಲೆ ತಗ್ಗಿಸಿದರು. ಕಾರ್ಬನ್ ಅಕ್ಕ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಮನಸಾರೆ ಅತ್ತಳು. ಪುಣ್ಯಕ್ಕೆ ಅಷ್ಟರಲ್ಲಿ ಪರಿವೀಕ್ಷಕರ ಕಾರು ಗೇಟು ದಾಟಿತ್ತು.

ಒಬ್ಬರಿಂದ ಆಗದಿದ್ದರೆ ಹೊರಗಿನವರನ್ನೂ ನೇಮಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿತ್ತು. ಅಂದಿನಿಂದ ಅರ್ಜಿ ಕೇಳಿ ಬಂದವರಿಗೆಲ್ಲ ಕಾರ್ಬನ್ ಅಕ್ಕ ತಾಲೀಮಿನ ಫಾರಂ ಕೊಡತೊಡಗಿದಳು. ಅದಕ್ಕೆ ಸಾಕ್ಷಿ ಬೇಡ, ಯಜಮಾನರ ಸಹಿ ಬೇಡ. ವರ್ಷ ತುಂಬುವುದರಲ್ಲಿ ಏಳು ಮಂಚ ತುಂಬಿದವು. ಎರಡು ಪರಿವೀಕ್ಷಣೆಗಳಲ್ಲಿ ಏಳು ಜನವೂ ನಪಾಸಾದರು. ನಿವಾಸಿಗಳ ರಿಜಿಸ್ಟರಿನಲ್ಲಿ ಈಗಲೂ ಸೊನ್ನೆಯೇ ಇದ್ದುದರಿಂದ, ಈ ಭಾಗದಲ್ಲಿ ದೌರ್ಜನ್ಯ ಸಂಪೂರ್ಣ ನಿರ್ಮೂಲನೆಯಾಗಿದೆ ಎಂದು ಮೇಲಿನ ಕಚೇರಿ ಅಭಿನಂದನಾ ಪತ್ರ ಕಳಿಸಿತು. ಅಧೀಕ್ಷಕಿ ಅದಕ್ಕೆ ಕಟ್ಟು ಹಾಕಿಸಿದರು.

ಎಂಟನೆಯವಳಾಗಿ ಬಂದವಳು ಒಬ್ಬ ದರ್ಜಿ. ತುಟಿ ಒಡೆದಿತ್ತು, ಕಂಕುಳಲ್ಲಿ ಕೂಸಿತ್ತು. ಫಾರಂ ಓದಿ ಅವಳ ಮುಖ ಬಾಡಿತು.

“ಅಕ್ಕ, ನಂಗೆ ನಟನೆ ಗಿಟನೆ ಬರಲ್ಲ.”

“ಬರ್ದಿದ್ರೇ ಒಳ್ಳೇದಮ್ಮ,” ಎಂದಳು ಕಾರ್ಬನ್ ಅಕ್ಕ. “ಅವರು ಕೇಳ್ದಾಗ ನಡೆದದ್ದನ್ನ ನಡೆದ ಹಾಗೇ ಹೇಳ್ಬಿಡು. ಯಾರೂ ನಂಬಲ್ಲ. ಹಾಯಾಗಿ ಇರಬಹುದು.”